ಗ್ಯಾಸ್ ಅಂದುಕೊಂಡೆ, ಕಲ್ಲಾಗಿತ್ತು!



ಹಿಂದಿನ ಎರಡು ಸಂಚಿಕೆಗಳಲ್ಲಿ ನನ್ನ ಪುಟ ಬರಲಿಲ್ಲ. ಊರಿಗೆ ಹೋಗಿದ್ದಿರಾ, ಮಗಳ ಮದುವೆ ಗೊತ್ತಾಯಿತಾ ಎಂದು ಕೆಲವರು ಕಾಗದ ಬರೆದು ವಿಚಾರಿಸಿದ್ದೀರಿ. ಊರಿಗೂ ಹೋಗಿರಲಿಲ್ಲ, ಮದುವೆಯೂ ಇಲ್ಲ. ಆಸ್ಪತ್ರೆಯಲ್ಲಿದ್ದೆ. ಪಿತ್ತಕೋಶದಲ್ಲಿ ಕಲ್ಲು. ಇನ್ನೂ ತೆಗೆದಿಲ್ಲ. ಆಪರೇಷನ್ನಿಗೆ ಇವತ್ತಿಗೆ ಸರಿಯಾಗಿ ಹನ್ನೊಂದು ದಿನ ಇದೆ. ಹಾಗಾಗಿ ಈ ಸಲ ಸಂಡಿಗೆ, ಹಪ್ಪಳದ ಮಾತು ಬೇಡ. ಈ ನೋವನ್ನು ಇಟ್ಟುಕೊಂಡು ಕಾಯುವುದು ಹೇಗೆ, ಯಾವಾಗ ಕಾಯಲೇಬಾರದು ಅನ್ನುವುದನ್ನು ಹೇಳುತ್ತೇನೆ. ನಾನು ಮಾಡಿದ ತಪ್ಪನ್ನೂ ಮುಚ್ಚಿಡುವುದಿಲ್ಲ.

ಯುಗಾದಿ ರಾತ್ರಿಯ ಕಥೆ

ಮೊದಲ ಸಲ ನೋವು ಬಂದದ್ದು ಯುಗಾದಿ ರಾತ್ರಿ. ಮಧ್ಯಾಹ್ನ ತುಪ್ಪ ಸುರಿದುಕೊಂಡು ಎರಡು ಒಬ್ಬಟ್ಟು, ಜೊತೆಗೆ ಆಂಬೊಡೆ. ಬಡಿಸಿ ಬಡಿಸಿ ನಾನು ಕೂತಾಗ ಮೂರು ಗಂಟೆ. ರಾತ್ರಿ ಹನ್ನೊಂದರ ಹೊತ್ತಿಗೆ ಎದೆಗೂಡಿನ ಕೆಳಗೆ, ಬಲಗಡೆ, ಯಾರೋ ಒಳಗಿನಿಂದ ಹಿಂಡಿದ ಹಾಗೆ ಶುರುವಾಯಿತು. ಬೆನ್ನಿಗೆ ಹೋಯಿತು, ಬಲ ಹೆಗಲಿಗೆ ಹತ್ತಿತು. ಮಲಗಿದರೂ ಆಗದು, ಕೂತರೂ ಆಗದು. ವಾಂತಿಯಾಯಿತು. ಓಮದ ನೀರು ಕುಡಿದೆ, ಜೀರಿಗೆ ಅಗಿದೆ, ಹೊಟ್ಟೆಗೆ ಹರಳೆಣ್ಣೆ ಸವರಿಕೊಂಡೆ. ಎರಡು ಗಂಟೆಯ ಮೇಲೆ ತಾನಾಗಿಯೇ ಇಳಿಯಿತು. ಓಮದ ನೀರೇ ಕೆಲಸ ಮಾಡಿತು ಅಂದುಕೊಂಡೆ! ಬೆಳಿಗ್ಗೆ ಯಾರಿಗೂ ಹೇಳಲಿಲ್ಲ.

ಆಮೇಲೆ ಕೋಣನಕುಂಟೆಯಲ್ಲಿ ಒಂದು ಗೃಹಪ್ರವೇಶದ ಊಟ ಮಾಡಿ ಬಂದ ರಾತ್ರಿ ಮತ್ತೆ ಅದೇ ನೋವು. ಮೂರನೆಯ ಸಲ ಬಂದಾಗ ಮಗಳು ನೋಡಿಬಿಟ್ಟಳು. "ಅಮ್ಮಾ, ಗ್ಯಾಸ್ ಆದ್ರೆ ಹೀಗೆ ಬೆವರ್ತಾರಾ?" ಅಂತ ಬೈದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊದಲು ಇ.ಸಿ.ಜಿ. ಮಾಡಿಸಿದರು. ಹೃದಯದ ತೊಂದರೆಯೂ ಹೆಂಗಸರಲ್ಲಿ ಹೊಟ್ಟೆನೋವಿನ ವೇಷದಲ್ಲಿ ಬರುತ್ತದಂತೆ. ಆಮೇಲೆ ಬರಿಹೊಟ್ಟೆಯಲ್ಲಿ ಸ್ಕ್ಯಾನ್. ಪಿತ್ತಕೋಶದಲ್ಲಿ ನಾಲ್ಕು ಕಲ್ಲು, ದೊಡ್ಡದು ಹುರಿಗಡಲೆಯಷ್ಟು.

ಏನಿದು ಕಲ್ಲು?

ನಮ್ಮ ಪಿತ್ತಜನಕಾಂಗ, ಅದೇ ಲಿವರ್, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಅದರ ಅಡಿಯಲ್ಲಿ ಪುಟ್ಟ ಬದನೆಕಾಯಿಯಂತೆ ಒಂದು ಚೀಲ ನೇತಾಡುತ್ತಿದೆ. ಅದೇ ಪಿತ್ತಕೋಶ. ಹಿಡಿಸುವುದು ಬರೀ 30ರಿಂದ 50 ಮಿಲಿಲೀಟರ್, ಅಂದರೆ ಒಂದು ಸಣ್ಣ ಕಾಫಿ ಲೋಟದ ಅರ್ಧದಷ್ಟು. ಪಿತ್ತರಸವನ್ನು ಗಟ್ಟಿ ಮಾಡಿ ಇಟ್ಟುಕೊಂಡಿದ್ದು, ಎಣ್ಣೆ, ಜಿಡ್ಡು ಹೊಟ್ಟೆಗೆ ಬಿದ್ದಾಗ ತನ್ನನ್ನು ತಾನೇ ಹಿಂಡಿಕೊಂಡು ಕರುಳಿಗೆ ಬಿಡುವುದು ಅದರ ಕೆಲಸ. ಆ ರಸದಲ್ಲಿನ ಕೊಲೆಸ್ಟರಾಲೋ ಬಣ್ಣದ ಅಂಶವೋ ಹೆಚ್ಚಾಗಿ ಗಟ್ಟಿಯಾದರೆ ಅದೇ ಕಲ್ಲು. ಜಿಡ್ಡಿನ ಊಟ ಮಾಡಿದಾಗ ಚೀಲ ಹಿಂಡಿಕೊಳ್ಳುತ್ತದೆ, ಕಲ್ಲು ಬಾಯಿಗೆ ಅಡ್ಡ ಕೂರುತ್ತದೆ, ನೋವು ಶುರು. ಕಲ್ಲು ಹಿಂದಕ್ಕೆ ಸರಿದರೆ ನೋವೂ ಹೋಗುತ್ತದೆ. ನನ್ನ ಓಮದ ನೀರಿನ ಮಹಿಮೆ ಅಷ್ಟೇ!

ಇದು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ನಲವತ್ತು ದಾಟಿದವರು, ಎರಡು ಮೂರು ಹೆತ್ತವರು, ಮೈ ಬಂದವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಂಡವರು, ತಾಯಿಗೋ ಅಕ್ಕನಿಗೋ ಇದ್ದವರು ಸ್ವಲ್ಪ ಎಚ್ಚರ. ಗಡಿಬಿಡಿಯಲ್ಲಿ ತೂಕ ಇಳಿಸಿಕೊಂಡವರಿಗೂ ಬರುತ್ತದೆ. ಹಾಗೆಂದು ಕಲ್ಲಿದ್ದವರೆಲ್ಲ ಹೆದರಬೇಕಿಲ್ಲ. ಎಷ್ಟೋ ಜನರಿಗೆ ಅದು ಇದೆಯೆಂದೇ ತಿಳಿಯದೆ ಜೀವನ ಕಳೆಯುತ್ತದೆ. ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಒಮ್ಮೆ ನೋವು ಶುರುವಾದರೆ ಮಾತ್ರ ಮತ್ತೆ ಮತ್ತೆ ಬರುವುದೇ ಹೆಚ್ಚು. ಆಗ ಚೀಲವನ್ನೇ ತೆಗೆಯುವುದು ಖಾಯಂ ಉಪಾಯ.

ನನ್ನ ತಪ್ಪು

ನಮ್ಮದು ಬಿ.ಪಿ.ಎಲ್. ಕಾರ್ಡಿನ ಮನೆ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರಕ್ತಪರೀಕ್ಷೆ ಎಲ್ಲ ಆಗಿ, ಶ್ರಾವಣದ ಮೊದಲ ವಾರಕ್ಕೆ ದಿನ ಕೊಟ್ಟರು. ಆಗ ನಾನೇ ಏನು ಮಾಡಿದೆ ಗೊತ್ತೇ? "ವರಮಹಾಲಕ್ಷ್ಮಿ ಹಬ್ಬ ಮುಗಿಸಿಕೊಂಡು ಬರ್ತೀನಿ ಸಾರ್" ಅಂದುಬಿಟ್ಟೆ. ಮನೆಯಲ್ಲಿ ಯಾರೂ ಬಲವಂತ ಮಾಡಿರಲಿಲ್ಲ. ನಾನಿಲ್ಲದೆ ಹಬ್ಬ ನಡೆಯುವುದು ಹೇಗೆ ಅನ್ನುವ ಗತ್ತು ನನ್ನದು.

ಹಬ್ಬದ ಹಿಂದಿನ ದಿನ, ಗುರುವಾರ, ಒಲೆ ಮುಂದೆ ನಿಂತು ಚಕ್ಕುಲಿ, ಕರ್ಜಿಕಾಯಿ ಕರಿದೆ. ಉಪ್ಪು ನೋಡಲು ಒಂದು, ಗರಿಗರಿಯಾಯಿತಾ ಎಂದು ಇನ್ನೊಂದು. ಸಂಜೆ ಏಳಕ್ಕೆ ಹಿಡಿದ ನೋವು ರಾತ್ರಿ ಒಂದಾದರೂ ಬಿಡಲಿಲ್ಲ. ಚಳಿ ಹತ್ತಿ ನಡುಗಿದೆ, ಜ್ವರ ಬಂತು. ಆಗಲೂ "ಬೆಳಿಗ್ಗೆ ಪೂಜೆ ಆಗಲಿ" ಅಂದೆ. ನಮ್ಮನೆಯವರು ಕೇಳದೆ 108ಕ್ಕೆ ಫೋನ್ ಮಾಡಿದರು. ಕಲಶ ಇಡಬೇಕಾದ ಹೊತ್ತಿಗೆ ನನ್ನ ಕೈಗೆ ಡ್ರಿಪ್ ಹಾಕಿದ್ದರು.

ಪಿತ್ತಕೋಶ ಊದಿಕೊಂಡು ಕೀವಾಗುವುದರಲ್ಲಿತ್ತಂತೆ. ಕೆಲವರಿಗೆ ಆ ಎರಡು ಮೂರು ದಿನಗಳಲ್ಲೇ ಆಪರೇಷನ್ ಮಾಡಿಬಿಡುತ್ತಾರೆ. ನನಗೆ ಔಷಧಿಯಲ್ಲೇ ತಗ್ಗಿತು. ಊತವೆಲ್ಲ ಇಳಿಯಲಿ ಎಂದು ಸುಮಾರು ಆರು ವಾರ ಬಿಟ್ಟು ಮಾಡೋಣ ಅಂದರು. ಒಂದು ಹಬ್ಬಕ್ಕಾಗಿ ಮುಂದೆ ಹಾಕಿದ್ದಕ್ಕೆ ಐದು ದಿನ ಆಸ್ಪತ್ರೆ, ಮೇಲೆ ಎರಡು ತಿಂಗಳ ಕಾಯುವಿಕೆ. ಲೆಕ್ಕ ನೀವೇ ಹಾಕಿ.

ಕಾಯುವಾಗ ಊಟ ಹೇಗೆ?

ಊಟದಿಂದ ಕಲ್ಲು ಕರಗುವುದಿಲ್ಲ. ನೋವು ಕೆರಳುವುದು ಮಾತ್ರ ಕಡಿಮೆಯಾಗುತ್ತದೆ. ನನಗೆ ಡಾಕ್ಟರು ಹೇಳಿದ್ದು, ನಾನು ಪಾಲಿಸುತ್ತಿರುವುದು ಇಷ್ಟು:

ಕರಿದದ್ದು, ವನಸ್ಪತಿ ಹಾಕಿದ್ದು, ಬೇಕರಿಯ ಪಫ್ಸು, ಕೆನೆ, ಹೆಚ್ಚು ಕೊಬ್ಬರಿ ಹಾಕಿದ ಕೂಟು, ಮಾಂಸ ತಿನ್ನುವವರಾದರೆ ಕೊಬ್ಬಿನ ತುಂಡು, ಇವೆಲ್ಲ ಬಂದ್. ಹಾಲನ್ನು ಕಾಯಿಸಿ ಆರಿಸಿ ಕೆನೆ ಪೂರ್ತಿ ತೆಗೆದು ಬಳಸಿ. ಹಾಗೆಂದು ಒಂದು ತೊಟ್ಟೂ ಎಣ್ಣೆಯಿಲ್ಲದೆ ಇರುವ ವ್ರತವೂ ಬೇಡ. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ಒಂದೇ ಊಟಕ್ಕೆ ಸುರಿಯಬೇಡಿ, ಹಂಚಿ ಬಳಸಿ.

ಎರಡು ಹೊತ್ತು ಹೊಟ್ಟೆ ಬಿರಿಯುವುದರ ಬದಲು ಐದು ಹೊತ್ತು ಸ್ವಲ್ಪ ಸ್ವಲ್ಪ ತಿನ್ನಿ. ರಾತ್ರಿ ಊಟ ಬೇಗ ಮುಗಿಸಿ. ಹೆಚ್ಚಿನವರಿಗೆ ನೋವು ಬರುವುದು ರಾತ್ರಿಯೇ.

ಮುಖ್ಯವಾಗಿ ಉಪವಾಸ. ಸಂಕಷ್ಟಿ ಎಂದು ಹಗಲೆಲ್ಲ ಬರಿಹೊಟ್ಟೆಯಲ್ಲಿದ್ದು, ಚಂದ್ರ ಕಂಡ ಮೇಲೆ ಕಡುಬು ತಿನ್ನುವವರು ನಾವು. ಹೊಟ್ಟೆಗೆ ಏನೂ ಬೀಳದಿದ್ದರೆ ಪಿತ್ತರಸ ಚೀಲದಲ್ಲೇ ನಿಂತು ಇನ್ನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಒಮ್ಮೆಗೇ ತಿಂದರೆ ಚೀಲ ಜೋರಾಗಿ ಹಿಂಡಿಕೊಳ್ಳುತ್ತದೆ. ನಮ್ಮತ್ತೆಯೇ ಹೇಳಿದರು: "ದೇವರು ಲೆಕ್ಕ ಇಟ್ಟುಕೊಂಡಿರ್ತಾನೆ ಬಿಡು, ಹುಷಾರಾದ ಮೇಲೆ ಮಾಡುವಿಯಂತೆ."

ಇಡ್ಲಿ, ರಾಗಿ ಅಂಬಲಿ, ರಾಗಿಮುದ್ದೆ, ಚಪಾತಿ (ಎಣ್ಣೆ ಸವರದೆ), ನೀರುಮಜ್ಜಿಗೆ, ಹಬೆಯಲ್ಲಿ ಬೆಂದ ಸೋರೆಕಾಯಿ, ಹೀರೆಕಾಯಿ, ಸೀಮೆಬದನೆ ನನಗೆ ಒಗ್ಗಿವೆ. ಸಾರಕ್ಕಿ ಮಾರುಕಟ್ಟೆಯಿಂದ ನಮ್ಮನೆಯವರು ಈಗ ಇವನ್ನೇ ಹೊತ್ತು ತರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಆಗುವುದಿಲ್ಲ. ನಿಮಗೆ ಯಾವುದು ಆಗದೋ ಅದನ್ನು ಗುರುತು ಹಾಕಿಕೊಳ್ಳಿ.

ನಮ್ಮ ಮನೆಯ ಹೆಸರುಬೇಳೆ ತಿಳಿಸಾರು ಹೀಗೆ: ಅರ್ಧ ಲೋಟ ಹೆಸರುಬೇಳೆಗೆ ಚಿಟಿಕೆ ಅರಿಸಿನ ಹಾಕಿ ಮೆತ್ತಗೆ ಬೇಯಿಸಿ ಕಡೆಯಿರಿ. ಮೂರು ಲೋಟ ನೀರು, ಹೆಚ್ಚಿದ ಒಂದು ಟೊಮೇಟೊ, ಜಜ್ಜಿದ ಶುಂಠಿ ಅರ್ಧ ಅಂಗುಲ, ಕುಟ್ಟಿದ ಜೀರಿಗೆ ಅರ್ಧ ಚಮಚ, ಮೆಣಸು ನಾಲ್ಕು ಕಾಳು, ಉಪ್ಪು, ಕರಿಬೇವು ಹಾಕಿ ಕುದಿಸಿ. ಅರ್ಧ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ. ನಾಲ್ಕು ಜನಕ್ಕೆ ಸಾಕು. ಮನೆಮಂದಿಗೆಲ್ಲ ಇದನ್ನೇ ಮಾಡಿ, ನಿಮಗೊಂದು ಅಡುಗೆ ಅವರಿಗೊಂದು ಅಡುಗೆ ಎಂದು ಎರಡು ಸಲ ಒಲೆ ಮುಂದೆ ನಿಲ್ಲಬೇಡಿ.

ನೋವು ಬಂದೇಬಿಟ್ಟರೆ

ಮೊದಲು ಗಡಿಯಾರ ನೋಡಿ, ಶುರುವಾದ ಹೊತ್ತು ನೆನಪಿಟ್ಟುಕೊಳ್ಳಿ. ತಿನ್ನುವುದನ್ನು ನಿಲ್ಲಿಸಿ. ಗುಟುಕು ಗುಟುಕಾಗಿ ನೀರು ಸಾಕು. ಡಾಕ್ಟರು ನಿಮಗೆಂದು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಹೇಳಿದಷ್ಟೇ ತೆಗೆದುಕೊಳ್ಳಿ. ಇಳಿಯಲಿಲ್ಲ ಎಂದು ಎರಡೆರಡು ನುಂಗಬೇಡಿ, ಯಜಮಾನರ ಮಂಡಿನೋವಿನ ಮಾತ್ರೆಗೂ ಕೈ ಹಾಕಬೇಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇದ್ದರೆ, ಬಸುರಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕೆಲವು ನೋವಿನ ಮಾತ್ರೆ ಅಂಥವರಿಗೆ ಆಗದು. ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಟ್ಟುಕೊಂಡರೆ ಸ್ವಲ್ಪ ಹಿತ.

ಆದರೆ ಈ ಕೆಳಗಿನವು ಕಂಡರೆ ಮನೆಮದ್ದೂ ಬೇಡ, ಬೆಳಗಾಗಲಿ ಅನ್ನುವುದೂ ಬೇಡ. ನೇರ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ:

– ನೋವು ಐದು ಗಂಟೆ ದಾಟಿದರೂ ಬಿಡದಿದ್ದರೆ, ಅಥವಾ ಮಾತ್ರೆಗೂ ಜಗ್ಗದಿದ್ದರೆ.
– ಚಳಿಜ್ವರ ಬಂದರೆ.
– ಕಣ್ಣು, ಮೈ ಹಳದಿಯಾದರೆ. ಮೂತ್ರ ಕಾಫಿ ಬಣ್ಣಕ್ಕೆ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದರೆ.
– ನೀರೂ ನಿಲ್ಲದ ಹಾಗೆ ವಾಂತಿಯಾದರೆ.
– ಹೊಟ್ಟೆಯ ನಡುವಿನಿಂದ ಬೆನ್ನಿಗೆ ಇರಿದ ಹಾಗೆ ವಿಪರೀತ ನೋವಾದರೆ.
– ಎದೆ ಬಿಗಿತ, ಉಸಿರುಗಟ್ಟುವುದು, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ. ಇದು ಹೃದಯದ್ದಿರಬಹುದು.

ಕಲ್ಲು ಚೀಲದಿಂದ ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆಯಾಗುತ್ತದೆ, ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು. ಅದು ಪ್ರಾಣಕ್ಕೇ ಕುತ್ತು. ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಕಣ್ಣು ಹಳದಿಯಾದಾಗ ಕಾಮಾಲೆಗೆ ಎಲೆ ಔಷಧಿ ಕೊಡಿಸಿಕೊಂಡು ಹತ್ತು ದಿನ ಪಥ್ಯ ಮಾಡಿದರು. ಬದುಕಿದ್ದು ಪುಣ್ಯ. ಸಕ್ಕರೆ ಕಾಯಿಲೆ ಇರುವವರಂತೂ ಇನ್ನೂ ಬೇಗ ಓಡಬೇಕು.

ಬಾಳೆದಿಂಡು, ಆಲಿವ್ ಎಣ್ಣೆ

ಕಲ್ಲು ಎಂದ ಕೂಡಲೇ ನಮ್ಮ ಮನೆಗೆ ಬಾಳೆದಿಂಡು ಬಂತು, ಹುರುಳಿಕಟ್ಟು ಬಂತು. ಪ್ರೀತಿಯಿಂದ ತಂದವರಿಗೆ ಬೇಡ ಅನ್ನಲಾಗದು, ಪಲ್ಯ ಮಾಡಿ ತಿಂದೆವು. ಆದರೆ ಅವು ಮೂತ್ರಪಿಂಡದ ಕಲ್ಲಿಗೆ ಹೇಳುವ ಮನೆಮದ್ದು. ಅದು ಬೇರೆ, ಇದು ಬೇರೆ. ಪಿತ್ತದ ಕಲ್ಲಿಗೆ ಮೂತ್ರದ ದಾರಿಯೇ ಇಲ್ಲ. ಅದನ್ನು ಹೊರಗೆ ತಳ್ಳಲು ಹೋದರೆ ನಾಳದಲ್ಲಿ ಸಿಕ್ಕಿಕೊಳ್ಳುವ ಭಯ.

ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಕಳಿಸಿದರು: ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಹಸಿರು ಕಲ್ಲು ಹೊರಬರುತ್ತದಂತೆ. 2005ರಲ್ಲಿ ನ್ಯೂಜಿಲೆಂಡಿನ ವೈದ್ಯರು ಹಾಗೆ ಹೊರಬಂದ "ಕಲ್ಲು"ಗಳನ್ನು ಪರೀಕ್ಷಿಸಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬರೆದರು. ಅವು ಕಲ್ಲೇ ಅಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನ ಉಂಡೆಯಾಗಿತ್ತು! ಕಲ್ಲಿರುವವರು ಲೋಟಗಟ್ಟಲೆ ಎಣ್ಣೆ ಕುಡಿದರೆ ನೋವನ್ನು ಕೈಬೀಸಿ ಕರೆದ ಹಾಗೆ. ಕಲ್ಲು ಕರಗಿಸುವ ಮಾತ್ರೆ ಇರುವುದು ನಿಜ. ಆದರೆ ಅದು ಸಣ್ಣ ಕೊಲೆಸ್ಟರಾಲ್ ಕಲ್ಲಿಗೆ ಮಾತ್ರ, ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದರೆ ಮತ್ತೆ ಕಲ್ಲಾಗಬಹುದು.

ಹೆದರಿಕೆ ಬೇಡ

ನಮ್ಮ ಸೋದರತ್ತೆಗೆ ಈ ಆಪರೇಷನ್ ಆದಾಗ ಪಕ್ಕೆಯಲ್ಲಿ ಗೇಣುದ್ದ ಗಾಯ, ಹತ್ತು ದಿನ ಆಸ್ಪತ್ರೆ. ಆ ಗಾಯದ ನೆನಪೇ ನನ್ನನ್ನು ಹೆದರಿಸಿತ್ತು. ಪಿತ್ತಕೋಶವನ್ನು ಮೊಟ್ಟಮೊದಲು ತೆಗೆದವರು ಬರ್ಲಿನ್ನಿನ ಡಾ. ಲಾಂಗೆನ್‌ಬುಕ್, 1882ರಲ್ಲಿ. ಸಣ್ಣ ತೂತಿನಿಂದ ತೆಗೆಯುವ ವಿಧಾನವನ್ನು 1985ರಲ್ಲಿ ಜರ್ಮನಿಯ ಡಾ. ಮ್ಯೂಹೆ ಮಾಡಿ ತೋರಿಸಿದರು. ನಮ್ಮ ದೇಶಕ್ಕೆ ಅದನ್ನು ತಂದವರು ಮುಂಬಯಿಯ ಡಾ. ಟೆಹೆಮ್‌ಟನ್ ಉದ್ವಾಡಿಯಾ, 1990ರಲ್ಲಿ. ಈಗ ಮೂರು ನಾಲ್ಕು ಸಣ್ಣ ತೂತು, ತೊಡಕಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ. ಊತ ಹೆಚ್ಚಾಗಿದ್ದರೆ ಕೆಲವೊಮ್ಮೆ ಹಳೆಯ ರೀತಿಯಲ್ಲೇ ಕೊಯ್ಯಬೇಕಾಗುತ್ತದೆ. ಮುಂದೆ ಹಾಕಬಾರದು ಎನ್ನಲು ಅದೂ ಒಂದು ಕಾರಣ. ಚೀಲವಿಲ್ಲದಿದ್ದರೆ ಬದುಕುವುದು ಹೇಗೆ ಎಂದು ನಮ್ಮತ್ತೆ ಕೇಳಿದರು. ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ, ಚೀಲದಲ್ಲಿ ನಿಲ್ಲದೆ ನೇರ ಕರುಳಿಗೆ ಹೋಗುತ್ತದೆ, ಅಷ್ಟೇ.

ಖರ್ಚಿನ ಭಯಕ್ಕೆ ಸುಮ್ಮನಿರುವವರೂ ಉಂಟು. 2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಷನ್ ಕಾರ್ಡು, ಆಧಾರ್ ಹಿಡಿದುಕೊಂಡು ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿ. ನಿಮ್ಮ ಚಿಕಿತ್ಸೆ ಎಲ್ಲಿ, ಹೇಗೆ ಎಂದು ಹೇಳುತ್ತಾರೆ.

ಕ್ಯಾಲೆಂಡರಿನ ಉಪಕಾರ

ಆಸ್ಪತ್ರೆಯಿಂದ ಬಂದ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೋವಿನ ಲೆಕ್ಕವನ್ನೂ ಬರೆದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ತಿಂದಿದ್ದೆ, ಎಷ್ಟು ಗಂಟೆ ಇತ್ತು, ಯಾವ ಮಾತ್ರೆ. ಮೊದಲೆಲ್ಲ ಡಾಕ್ಟರ ಮುಂದೆ ಕೂತರೆ "ಪರವಾಗಿಲ್ಲ ಸಾರ್, ಆವಾಗಾವಾಗ ಬರುತ್ತೆ" ಅಂತಿದ್ದೆ. ಈ ಸಲ ಕ್ಯಾಲೆಂಡರಿನ ಹಾಳೆಯನ್ನೇ ಕಿತ್ತುಕೊಂಡು ಹೋಗಿ ಮುಂದಿಟ್ಟೆ. ಹತ್ತು ದಿನದಲ್ಲಿ ನಾಲ್ಕು ಸಲ. ನೋಡಿದವರು ದೀಪಾವಳಿ ಹತ್ತಿರಕ್ಕೆ ಕೊಟ್ಟಿದ್ದ ದಿನವನ್ನು ಹಿಂದಕ್ಕೆ ತಂದು ನವರಾತ್ರಿಗೆ ಹಾಕಿದರು. ನೋವನ್ನು ನುಂಗಿಕೊಂಡರೆ ಕಾಣುವುದು ಯಾರಿಗೆ, ಹೇಳಿ?

ಈಗ ಒಂದು ಚೀಲದಲ್ಲಿ ಸ್ಕ್ಯಾನ್ ಕಾಗದ, ರಕ್ತಪರೀಕ್ಷೆ, ಕಾರ್ಡುಗಳು, ಒಂದು ಜೊತೆ ಬಟ್ಟೆ, ತಟ್ಟೆ ಲೋಟ ಕಟ್ಟಿಟ್ಟಿದ್ದೇನೆ. ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮನೆಯವರು ಅನ್ನ, ತಿಳಿಸಾರು ಕಲಿತಿದ್ದಾರೆ. ಮೊದಲ ದಿನದ ಸಾರಿಗೆ ಉಪ್ಪೇ ಇರಲಿಲ್ಲ, ಈಗ ಪರವಾಗಿಲ್ಲ. ಸಂಜೆ ನಾವಿಬ್ಬರೂ ಪುಟ್ಟೇನಹಳ್ಳಿ ಕೆರೆ ಸುತ್ತ ಒಂದು ಸುತ್ತು ನಡೆಯುತ್ತೇವೆ. (ಯಲಹಂಕದ ಕಡೆಯೂ ಒಂದು ಪುಟ್ಟೇನಹಳ್ಳಿ ಕೆರೆ ಇದೆ. ನಮ್ಮದು ಜೆ.ಪಿ.ನಗರ 7ನೇ ಹಂತದ್ದು.) ಕಸ ತುಂಬಿ ಒಣಗಿದ್ದ ಈ ಕೆರೆಗೆ ಸುತ್ತಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಜೀವ ತುಂಬಿದರು. ಈಗ ನೀರುಕೋಳಿಗಳು ಓಡಾಡುತ್ತವೆ. ಅವನ್ನು ನೋಡುತ್ತಾ ಕೂತರೆ ದಿನ ಎಣಿಸುವುದು ಮರೆಯುತ್ತದೆ.

ಆಪರೇಷನ್ ದಿನ ನವರಾತ್ರಿಯ ನಡುವೆಯೇ ಬಿದ್ದಿದೆ. ಮದುವೆಯಾದಂದಿನಿಂದ ಗೊಂಬೆ ಕೂರಿಸುವುದು ತಪ್ಪಿಸಿದವಳಲ್ಲ. ದಿನ ಗೊತ್ತಾದಾಗ ಬಾಯಿಗೆ ಬಂದೇಬಿಟ್ಟಿತ್ತು, "ಸಾರ್, ವಿಜಯದಶಮಿ ಕಳೆದ ಮೇಲೆ..." ಮಗಳು ಪಕ್ಕದಿಂದ ಕೈ ಹಿಚುಕಿದಳು. ಮಾತು ನುಂಗಿಕೊಂಡೆ. ಮನೆಗೆ ಬಂದು ಅತ್ತೆಗೆ ಹೇಗೆ ಹೇಳುವುದು ಎಂದು ಒದ್ದಾಡುತ್ತಿದ್ದರೆ ಅವರೇ ಅಂದರು: "ಪಟ್ಟದ ಗೊಂಬೆ ಎರಡು ನಾನಿಡ್ತೀನಿ, ಸಾಕು. ನೀನು ಮನೆಗೆ ಬಾ."

ಸೋದರಿಯರೇ, ಹಬ್ಬ ಮುಂದಿನ ವರ್ಷವೂ ಬರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಊಟದ ಮೇಲೆ ಬಲಪಕ್ಕೆ ಹಿಂಡುವ "ಗ್ಯಾಸ್" ಇದ್ದರೆ ಈ ವಾರವೇ ಹೋಗಿ ತೋರಿಸಿ. ದಿನ ಕೊಟ್ಟಿದ್ದರೆ ಮುಂದೆ ಹಾಕಬೇಡಿ.

ಹುಷಾರಾಗಿ ಬಂದು ಮತ್ತೆ ಬರೆಯುತ್ತೇನೆ. ಅಲ್ಲಿಯವರೆಗೆ ಎಣ್ಣೆ ಕಡಿಮೆ ಮಾಡಿ ನೀವು ಮಾಡುವ ಸಾರು, ಪಲ್ಯ, ಗೊಜ್ಜು ಹೇಗೆಂದು ಬರೆದು ಕಳಿಸಿ. ನನಗಂತೂ ಬೇಕೇಬೇಕು!